ಕರಿಯ ಇದ್ದಿಲ ಮುದ್ದೆ ಥರ ಕಾಣ್ತಾನೆ, ಹೊಸ ಕ್ಯಾಮೆರಾ ತಗೊಳ್ಳೋದಾ?

ಪ್ರಶ್ನೆ: ನಮ್ಮದು ಸಕಲೇಶಪುರದ ಹತ್ತಿರ ಒಂದು ಸಣ್ಣ ಕಾಫಿ ತೋಟ. ಮನೆಯಲ್ಲಿ ಕರಿಯ ಅಂತ ಒಂದು ಕಪ್ಪು ನಾಡನಾಯಿ, ಎರಡು ಬೆಕ್ಕು, ಕೊಟ್ಟಿಗೆಯಲ್ಲಿ ಮೂರು ಮಲೆನಾಡು ಗಿಡ್ಡ ದನ ಇವೆ. ಮಕ್ಕಳಿಬ್ಬರೂ ಬೆಂಗಳೂರು ಸೇರಿದ ಮೇಲೆ ಮೊಬೈಲಿನಲ್ಲಿ ಇವುಗಳ ಫೋಟೋ ತೆಗೆಯೋ ಚಟ ಹತ್ತಿದೆ. ಆದರೆ ಕರಿಯ ಯಾವ ಫೋಟೋದಲ್ಲೂ ಇದ್ದಿಲ ಮುದ್ದೆ ಥರ ಕಾಣ್ತಾನೆ. ಬೆಕ್ಕು ಮಸುಕಾಗಿ ಬರುತ್ತೆ. ದನದ ಮೂತಿ ದೊಡ್ಡದಾಗಿ, ಮೈ ಪುಟಾಣಿಯಾಗಿ ಬರುತ್ತೆ. ಮಗ ಅರವತ್ತು ಸಾವಿರದೊಳಗೆ ಒಂದು ಕ್ಯಾಮೆರಾ ಕೊಡಿಸ್ತೀನಿ ಅಂತಿದಾನೆ. ತಗೊಳ್ಳೋದಾ? ತೋಟಕ್ಕೆ ಆನೆ, ಕೆಂದಳಿಲು, ಹಕ್ಕಿ ಎಲ್ಲಾ ಬರ್ತವೆ. ಅವನ್ನೂ ತೆಗೀಬಹುದಾ? ಐದು ಫೋಟೋ ಕಳಿಸಿದ್ದೇನೆ, ನೋಡಿ ಹೇಳಿ.

ಉತ್ತರ: ದುಡ್ಡು ಸದ್ಯಕ್ಕೆ ಬ್ಯಾಂಕಿನಲ್ಲೇ ಇರಲಿ ಅಂತ ಮಗನಿಗೆ ಹೇಳಿ. ಕ್ಯಾಮೆರಾ ಬೇಡ ಅಂತಲ್ಲ, ಈಗಲೇ ಬೇಡ. ಐದೂ ಫೋಟೋ ನೋಡಿದೆ. ಅಂಗಳದಲ್ಲಿ ಕರಿಯ, ರಾತ್ರಿ ಅಡುಗೆಮನೆಯಲ್ಲಿ ಬೆಕ್ಕು, ಕೊಟ್ಟಿಗೆಯ ಹಸು, ಈ ಮೂರೂ ಕೆಟ್ಟಿರುವುದು ನೀವು ನಿಂತ ಜಾಗದಿಂದ ಮತ್ತು ತೆಗೆದ ಹೊತ್ತಿನಿಂದ. ಮೀಸೆ ಇಲ್ಲದ ಬೆಕ್ಕಿನ ಫೋಟೋ ಇದೆಯಲ್ಲ, ಅದೊಂದು ಮಾತ್ರ ಮೊಬೈಲಿನ ತಪ್ಪು. ಐದನೆಯದರ ವಿಷಯ ಆಮೇಲೆ ಹೇಳುತ್ತೇನೆ, ಅದು ಬೇರೆಯೇ ಕತೆ.

ಒಂದು ಸಣ್ಣ ವಿಷಯ ಮೊದಲೇ ಹೇಳಿಬಿಡುತ್ತೇನೆ. ಐದರಲ್ಲೂ ತೆಳ್ಳಗೆ ಮಂಜು ಕವಿದ ಹಾಗಿದೆ. ಸಕಲೇಶಪುರದ ಮಂಜು ಅಂದುಕೊಂಡಿರಬಹುದು. ನನ್ನ ಲೆಕ್ಕದಲ್ಲಿ ಅದು ಕೊಬ್ಬರಿ ಎಣ್ಣೆ. ತಲೆ ಬಾಚಿದ ಕೈಯಲ್ಲಿ, ಒಗ್ಗರಣೆ ಹಾಕಿದ ಕೈಯಲ್ಲಿ ಮೊಬೈಲ್ ಹಿಡಿದರೆ ತೋರುಬೆರಳು ಸೀದಾ ಲೆನ್ಸ್ ಮೇಲೇ ಕೂರುತ್ತದೆ. ಹಳೇ ಕಾಟನ್ ಸೀರೆಯ ಒಂದು ತುಂಡು ಇಟ್ಟುಕೊಳ್ಳಿ. ಪ್ರತಿ ಸಲ ಒರೆಸಿ. ಅರ್ಧ ಫೋಟೋಗ್ರಫಿ ಇಲ್ಲೇ ಮುಗಿಯಿತು.

ಹಾಸನದಲ್ಲಿ ಇಪ್ಪತ್ತೆರಡು ವರ್ಷ ಸ್ಟುಡಿಯೋ ಇಟ್ಟುಕೊಂಡಿದ್ದವನು ನಾನು. ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜು. ಒಂದು ರೋಲಿನಲ್ಲಿ 36 ಫೋಟೋ, ಅಷ್ಟೇ. ಆ ಕಾಲದಲ್ಲಿ ನಾಯಿ ಬೆಕ್ಕಿಗೆ ಯಾರು ರೀಲು ಸುಡುತ್ತಿದ್ದರು ಹೇಳಿ. ನಮ್ಮ ಮನೆಯಲ್ಲಿ ಹದಿಮೂರು ವರ್ಷ ಬದುಕಿದ್ದ ನಾಯಿಯ ಒಂದೇ ಒಂದು ಫೋಟೋ ಇದೆ. ಅಕ್ಕನ ಮದುವೆಯ ಗ್ರೂಪ್ ಫೋಟೋದ ಮೂಲೆಯಲ್ಲಿ, ಅರ್ಧ ಬಾಲ. ಪ್ರಾಣಿಗಳ ಫೋಟೋ ನನಗೆ ಹತ್ತಿದ್ದು ಅಂಗಡಿ ಬಾಗಿಲು ಹಾಕಿದ ಮೇಲೆ. ಮದುಮಗನಿಗೆ ಹೇಳಿದ ಹಾಗೆ ನಾಯಿಗೆ "ಗಲ್ಲ ಸ್ವಲ್ಪ ಮೇಲೆ" ಅಂತ ಹೇಳಕ್ಕಾಗಲ್ಲ. ಅದನ್ನು ಕಲಿಯೋಕೇ ಎರಡು ವರ್ಷ ಹಿಡಿಯಿತು. ಪ್ರಾಣಿಯನ್ನು ಬೆಳಕಿಗೆ ಎಳೆದು ತರಬಾರದು. ಅದು ಹೇಗೂ ಬಂದು ಕೂರುವ ಜಾಗಗಳಲ್ಲಿ ಯಾವುದಕ್ಕೆ ಒಳ್ಳೇ ಬೆಳಕು ಬರುತ್ತದೆ ಅಂತ ನೋಡಿ, ನಾವು ಮೊದಲೇ ಹೋಗಿ ಕೂತಿರಬೇಕು.

ಈಗ ಕರಿಯನ ವಿಷಯ. ಬೆಳಕು ಅಳೆಯುವಾಗ ಕ್ಯಾಮೆರಾ ಚೌಕಟ್ಟಿನಲ್ಲಿರುವ ಎಲ್ಲವನ್ನೂ ಒಟ್ಟು ಸೇರಿಸಿ ನಡುಬೂದು ಮಟ್ಟಕ್ಕೆ ತರಲು ನೋಡುತ್ತದೆ. ನಿಮ್ಮ ಫೋಟೋದಲ್ಲಿ ಕರಿಯ ಒಂದು ಹಿಡಿಯಷ್ಟು, ಹಿಂದೆ ಬಿಸಿಲು ಬಡಿದ ಸಿಮೆಂಟಿನ ಕಣ ಒಂದು ಎಕರೆಯಷ್ಟು. ಮೊಬೈಲು ಕಣ ನೋಡಿ "ಅಯ್ಯೋ ಬೆಳಕು ಜಾಸ್ತಿ ಆಯ್ತು" ಅಂತ ಎಲ್ಲವನ್ನೂ ಕಡಿಮೆ ಮಾಡಿತು. ಕಣ ಚೆನ್ನಾಗಿ ಬಂತು, ಕರಿಯ ಇದ್ದಿಲಾದ. ಇದರ ಉಲ್ಟಾ ಕೂಡ ಆಗುತ್ತದೆ. ಕರಿಯನ ಮುಖವೇ ಚೌಕಟ್ಟಿನ ತುಂಬ ಇದ್ದರೆ "ಬೆಳಕು ಸಾಲದು" ಅಂತ ಮೊಬೈಲು ಎತ್ತಿ ಕೊಡುತ್ತದೆ, ಕಪ್ಪು ನಾಯಿ ಬೂದಿ ಬಳಿದುಕೊಂಡ ಹಾಗೆ ಬರುತ್ತದೆ. ಬಿಳೀ ಬೆಕ್ಕು ಇದೇ ಕಾರಣಕ್ಕೆ ಮಾಸಲಾಗಿ ಬರುವುದು. ಪರದೆಯಲ್ಲಿ ಕರಿಯನ ಮುಖದ ಮೇಲೆ ಬೆರಳಿಟ್ಟರೆ ಪಕ್ಕದಲ್ಲಿ ಒಂದು ಪುಟ್ಟ ಸೂರ್ಯನ ಗುರುತು ಬರುತ್ತದೆ, ಅಲ್ವಾ? ಅದನ್ನು ಮೇಲೆ ಕೆಳಗೆ ಎಳೆದು ನೋಡಿ. ಕರಿಯ ಚೌಕಟ್ಟು ತುಂಬಿದ್ದರೆ ಸ್ವಲ್ಪ ಕೆಳಗೆ. ಬಿಳೀ ಬೆಕ್ಕಿಗೆ ಸ್ವಲ್ಪ ಮೇಲೆ.

ಆದರೆ ಇದು ಬರೀ ಉಪಚಾರ. ರೋಗಕ್ಕೆ ಮದ್ದು ನಿಮ್ಮ ಜಗುಲಿ. ಮಲೆನಾಡಿನ ಜಗುಲಿಯಂಥ ಸ್ಟುಡಿಯೋ ಲಕ್ಷ ಕೊಟ್ಟರೂ ಸಿಗಲ್ಲ, ಇದನ್ನು ಸ್ಟುಡಿಯೋ ನಡೆಸಿದವನೇ ಹೇಳುತ್ತಿದ್ದೇನೆ. ಮೇಲೆ ಮಾಡು ಇಳಿದಿರುತ್ತದೆ, ಹಾಗಾಗಿ ಬಿಸಿಲು ನೆತ್ತಿಯ ಮೇಲೆ ಸುರಿಯಲ್ಲ. ಎದುರಿಗೆ ಪೂರ್ತಿ ತೆರೆದ ಆಕಾಶ. ಹಿಂದೆ ಕತ್ತಲೆ ಬಾಗಿಲು. ಕರಿಯ ಜಗುಲಿಯ ಅಂಚಿನಲ್ಲಿ ಹೊರಗೆ ಮುಖ ಮಾಡಿ ಮಲಗುತ್ತಾನಲ್ಲ, ಎಲ್ಲಾ ತೋಟದ ನಾಯಿಗಳೂ ಹಾಗೇ ಮಲಗೋದು, ಆಗ ನೀವು ಅಂಗಳಕ್ಕೆ ಇಳಿದು ಅವನ ಕಡೆ ತಿರುಗಿ ಕೂತುಕೊಳ್ಳಿ. ಕಪ್ಪು ಕೂದಲಿಗೆ ಆಕಾರ ಕೊಡುವುದು ಅದರ ಹೊಳಪು. ಆಕಾಶದ ಬೆಳಕು ಹಣೆ ಮೇಲೆ, ಮೂಗಿನ ದಿಂಡಿನ ಮೇಲೆ, ಹೆಗಲ ಮೇಲೆ ಒಂದು ಗೆರೆ ಎಳೆಯುತ್ತದೆ. ಧೂಳು ಕೂತಿದ್ದರೆ ಆ ಗೆರೆ ಸಾಯುತ್ತದೆ. ಅದಕ್ಕೇ ತೆಗೆಯುವ ಮೊದಲು ಒದ್ದೆ ಬಟ್ಟೆಯಲ್ಲಿ ಒಂದು ಸಲ ಮೈ ಒರೆಸಿ. ಎಣ್ಣೆ ಗಿಣ್ಣೆ ಬೇಡ, ನೆಕ್ಕಿಕೊಳ್ಳುತ್ತಾನೆ.

ಕಣ್ಣು ಕಪ್ಪು, ಮುಖ ಕಪ್ಪು. ಕಣ್ಣಿನಲ್ಲೊಂದು ಬೆಳಕಿನ ಚುಕ್ಕೆ ಇಲ್ಲದಿದ್ದರೆ ಕಪ್ಪು ನಾಯಿಯ ಫೋಟೋಗೆ ಜೀವ ಬರಲ್ಲ. ಜಗುಲಿಯಲ್ಲಿ ಆ ಚುಕ್ಕೆ ತಾನಾಗಿ ಬರುತ್ತದೆ, ಆಕಾಶವೇ ಕಣ್ಣಿನಲ್ಲಿ ಕಾಣುತ್ತದೆ. ಇನ್ನೂ ಸ್ವಲ್ಪ ಬೇಕು ಅನ್ನಿಸಿದರೆ ಕೆಳಗೆ ಒಂದು ಬಿಳೀ ಪಂಚೆ ಹಾಸಿ, ಗದ್ದದ ಕೆಳಗಿನ ಕತ್ತಲೆ ತುಂಬಿಕೊಳ್ಳುತ್ತದೆ. ಡಿಸೆಂಬರ್ ಜನವರಿಯಲ್ಲಿ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ತೆಗೆದು ತೊಳೆದ ಕಾಫಿ ಬೀಜ, ಒಣಗಿಸುವ ತೋಟಗಳಲ್ಲಿ ಪಂಚೆಯೂ ಬೇಡ. ಕಣದ ತುಂಬ ಹರವಿದ ಹಳದಿ ಬಿಳುಪು ಬೀಜ ಕೆಳಗಿನಿಂದ ಬೆಳಕು ಎತ್ತಿ ಕೊಡುತ್ತದೆ, ಅದೂ ಬೆಚ್ಚನೆ ಬಣ್ಣದ್ದು. ಹಣ್ಣನ್ನು ಸಿಪ್ಪೆ ಸಮೇತ ಚೆರ್ರಿಯಾಗಿ ಒಣಗಿಸುವ ಕಣದಲ್ಲಿ ಇದು ನಡೆಯಲ್ಲ, ಅದು ಕಪ್ಪಗಿರುತ್ತದೆ. ನಾನು ಪಂಚೆ ಹಾಸಿದ ಮೊದಲ ದಿನ ನಮ್ಮ ನಾಯಿ ಬಂದು ಅದರ ಮೇಲೇ ಸುತ್ತಿಕೊಂಡು ಮಲಗಿತು. ಬೆಳಕು ಹೋಯಿತು, ಪಂಚೆಯೂ ಹೋಯಿತು.

ಕರಿಯ ಮುಖ ತಿರುಗಿಸುತ್ತಾನೆ ಅಂತ ನೀವು ಬರೆದಿಲ್ಲ, ಆದರೆ ಫೋಟೋದಲ್ಲಿ ಕಾಣುತ್ತದೆ. ಹೆಸರು ಹಿಡಿದು ಕರೆದಿರುತ್ತೀರಿ. ಕರೆದರೆ ಅವನು ಎದ್ದು ಬಾಲ ಆಡಿಸಿಕೊಂಡು ಬಂದು ಲೆನ್ಸ್ ನೆಕ್ಕುತ್ತಾನೆ, ಅದು ಅವನ ಕೆಲಸ. ಹೆಸರಿನ ಬದಲು ಒಂದು ಹೊಸ ಸದ್ದು ಮಾಡಿ. ಒಣಗಿದ ಎಲೆ ಹಿಚುಕಿ, ಬಿಸ್ಕತ್ತಿನ ಕವರ್ ಸರ್ ಅನ್ನಿಸಿ. ಕಿವಿ ನಿಮಿರಿ, ತಲೆ ಒಂದು ಕಡೆ ವಾಲುತ್ತದೆ. ಎರಡು ಸೆಕೆಂಡ್ ಸಿಗುತ್ತದೆ. ಒಂದೇ ಸದ್ದು ಮೂರನೇ ಸಲಕ್ಕೆ ಕೆಲಸ ಮಾಡಲ್ಲ, ಹಾಗಾಗಿ ಮೊಬೈಲ್ ಹಿಡಿದು ಸಿದ್ಧವಾದ ಮೇಲೇ ಸದ್ದು. ಬಿಸ್ಕತ್ತಿನ ಆಸೆ ತೋರಿಸಿದ ಮೇಲೆ ಒಂದು ಚೂರು ಕೊಡಲೇಬೇಕು, ಮೋಸ ಮಾಡಬೇಡಿ. ಅವನು ತುಟಿ ನೆಕ್ಕಿಕೊಳ್ಳುತ್ತಿದ್ದರೆ, ನಿದ್ದೆ ಇಲ್ಲದೆಯೂ ಆಕಳಿಸುತ್ತಿದ್ದರೆ, ಮುಖ ಆ ಕಡೆ ಮಾಡಿ ಕಣ್ಣಂಚಿನ ಬಿಳಿ ತೋರಿಸುತ್ತಿದ್ದರೆ ಸಾಕಾಗಿದೆ ಅಂತ ಅರ್ಥ. ಆವತ್ತಿಗೆ ಮುಗಿಸಿ.

ಇನ್ನು ಎತ್ತರ. ಐದೂ ಫೋಟೋಗಳನ್ನು ನಿಂತೇ ತೆಗೆದಿದ್ದೀರಿ. ಬೇಲೂರು ನಿಮಗೆ ದೂರವಲ್ಲ. ಚೆನ್ನಕೇಶವ ದೇವಸ್ಥಾನದ ಗೋಡೆಯ ಬುಡದಲ್ಲಿ ಆನೆಗಳ ಸಾಲು ಇದೆಯಲ್ಲ, ಅದನ್ನು ನಿಂತುಕೊಂಡು ನೋಡಿದರೆ ಎಲ್ಲಾ ಒಂದೇ ಥರ. ಪ್ರವಾಸಿಗರು ಹಾಗೇ ನೋಡಿ ಮುಂದೆ ಹೋಗುತ್ತಾರೆ. ಒಂದು ಸಲ ಕುಕ್ಕರುಗಾಲಲ್ಲಿ ಕೂತು ನೋಡಿ. ಒಂದರ ಸೊಂಡಿಲು ಇನ್ನೊಂದರ ಹಾಗಿಲ್ಲ, ಕಾಲೆತ್ತಿದ ರೀತಿ ಬೇರೆ. ಕರಿಯನೂ ಅಷ್ಟೇ. ನಾವು ದಿನವಿಡೀ ಅವನ ನೆತ್ತಿ ನೋಡುತ್ತಿರುತ್ತೇವೆ, ಮುಖ ನೋಡುವುದು ಕಡಿಮೆ. ಅವನ ಕಣ್ಣಿನ ಮಟ್ಟಕ್ಕೆ ಲೆನ್ಸ್ ಬಂದರೆ ಹಿನ್ನೆಲೆಯೂ ದೂರ ಸರಿಯುತ್ತದೆ, ಸಿಮೆಂಟ್ ನೆಲದ ಬದಲು ದೂರದ ಸಿಲ್ವರ್ ಓಕ್ ಮರಗಳು ಹಿಂದೆ ಬರುತ್ತವೆ.

ಮಂಡಿ ನೋವಿದ್ದರೆ ಮಲಗಬೇಕಾಗಿಲ್ಲ. ಜಗುಲಿ ಮೆಟ್ಟಿಲ ಮೇಲೆ ಕೂತು ಮೊಬೈಲನ್ನು ತಲೆಕೆಳಗೆ ಹಿಡಿಯಿರಿ. ಲೆನ್ಸ್ ಮೇಲಿನ ತುದಿಯಲ್ಲಿರುತ್ತದಲ್ಲ, ತಿರುಗಿಸಿದರೆ ಅದು ನೆಲಕ್ಕೆ ನಾಲ್ಕು ಬೆರಳು ಎತ್ತರದಲ್ಲಿ ಬಂದು ನಿಲ್ಲುತ್ತದೆ. ಫೋಟೋ ತಾನೇ ನೇರವಾಗಿ ತೆರೆದುಕೊಳ್ಳುತ್ತದೆ. ಮಲಗೋ ಶಕ್ತಿ ಇದ್ದರೆ ಒಂದು ಗೋಣಿಚೀಲ ಹಾಸಿಕೊಂಡು ಮಲಗಿ. ಮಳೆಗಾಲದಲ್ಲಿ ಮಾತ್ರ ಹುಲ್ಲಿನ ಮೇಲೆ ಬೇಡ, ಇಂಬಳಗಳಿಗೆ ಹಬ್ಬ.

ಬೆಕ್ಕು ಬೇರೆ ಜಾತಿ. ನಾಯಿಗೆ ನಾವು ಬೇಕು, ಬೆಕ್ಕಿಗೆ ಜಾಗ ಬೇಕು. ನಿಮ್ಮ ಮನೆಯ ಬೆಕ್ಕು ದಿನದಲ್ಲಿ ಕೂರುವ ಜಾಗಗಳನ್ನು ಒಂದು ವಾರ ಸುಮ್ನೆ ಗಮನಿಸಿ, ಫೋಟೋ ತೆಗೆಯಬೇಡಿ. ಬೆಳಗ್ಗೆ ಬಚ್ಚಲ ಒಲೆಯ ಪಕ್ಕ. ಒಲೆ ಆರಿದ ಮೇಲೂ ಬೂದಿಯ ಬಿಸಿಗೆ ಅಲ್ಲೇ. ಹತ್ತು ಗಂಟೆ ಹೊತ್ತಿಗೆ ಗಾಜಿನ ಹೆಂಚಿನಿಂದ ಇಳಿಯುವ ಬಿಸಿಲ ತುಂಡಿಗೆ. ನಮ್ಮ ಅತ್ತೆಯ ಮನೆಯಲ್ಲಿ ನಾನು ಇದನ್ನು ಒಂದು ಇಡೀ ಭಾನುವಾರ ಕೂತು ನೋಡಿದ್ದೇನೆ. ಬಿಸಿಲ ಚೌಕ ನಡುಮನೆಯ ಕಂಬದ ಬುಡದಿಂದ ಶುರುವಾಗಿ, ಭತ್ತದ ಪಣತದ ಕಡೆಗೆ ಇಂಚಿಂಚೇ ಜರುಗುತ್ತದೆ. ಬೆಕ್ಕೂ ಅದರ ಜೊತೆ ಜರುಗುತ್ತದೆ. ಎದ್ದು ನಡೆದು ಹೋಗಲ್ಲ. ನಿದ್ದೆಗಣ್ಣಲ್ಲೇ ಉರುಳಿ ಅರ್ಧ ಅಡಿ ಆ ಕಡೆ. ಅಂದರೆ ಮುಂದಿನ ಕಾಲು ಗಂಟೆಯಲ್ಲಿ ಬೆಕ್ಕು ಎಲ್ಲಿರುತ್ತದೆ ಅಂತ ಸೂರ್ಯನೇ ಹೇಳುತ್ತಾನೆ. ನೀವು ಆ ಜಾಗಕ್ಕೆ ಮೊದಲೇ ಹೋಗಿ ಗೋಡೆಗೆ ಒರಗಿ ಕೂತರೆ ಆಯಿತು. ಮೇಲಿನಿಂದ ಒಂದೇ ಕಡೆ ಬೀಳುವ ಬೆಳಕು, ಸುತ್ತ ಕತ್ತಲೆ. ಬೆಕ್ಕಿನ ಕೂದಲಿನ ಅಂಚು ಹೊತ್ತಿಕೊಂಡ ಹಾಗೆ ಕಾಣುತ್ತದೆ. ಇಲ್ಲೂ ಬೆಳಕಿನ ತುಂಡಿನ ಮೇಲೇ ಬೆರಳಿಟ್ಟು ಸೂರ್ಯನ ಗುರುತನ್ನು ಕೆಳಗೆ ಎಳೆಯಿರಿ.

ನಿಮ್ಮ ಅಡುಗೆಮನೆಯ ಬೆಕ್ಕು ಮಸುಕಾಗಿದ್ದಕ್ಕೆ ಕಾರಣ ನೈಟ್ ಮೋಡ್. ಅದು ಒಂದು ಫೋಟೋ ತೆಗೆಯುವುದಿಲ್ಲ. ಒಂದೆರಡು ಸೆಕೆಂಡಿನಲ್ಲಿ ಹಲವು ಫೋಟೋ ತೆಗೆದು ಒಂದರ ಮೇಲೊಂದು ಕೂರಿಸುತ್ತದೆ. ಗೋಪುರಕ್ಕೆ ಸರಿ, ಬೆಕ್ಕಿಗಲ್ಲ. ಅಷ್ಟರಲ್ಲಿ ಅದು ಬಾಲ ಅಲ್ಲಾಡಿಸಿ, ಹಾಲಿನ ಪಾತ್ರೆ ನೋಡಿ, ಮತ್ತೆ ನಿಮ್ಮನ್ನು ನೋಡಿರುತ್ತದೆ. ನೈಟ್ ಮೋಡ್ ಆಫ್ ಮಾಡಿ. ಎಲ್ಲವನ್ನೂ ನಾವೇ ಹೊಂದಿಸುವ ಪ್ರೋ ಮೋಡ್ ಇದ್ದರೆ ಶಟರ್ ವೇಗವನ್ನು, ಅಂದರೆ ಕ್ಯಾಮೆರಾ ಎಷ್ಟು ಹೊತ್ತು ಬೆಳಕು ಒಳಗೆ ಬಿಡಬೇಕು ಅನ್ನುವುದನ್ನು, ನೀವೇ ಇಡಿ. ಕೂತ ಪ್ರಾಣಿಗೆ 1/125 ಸೆಕೆಂಡ್, ನಡೆಯುವುದಕ್ಕೆ 1/250ರಿಂದ 1/500, ಓಡುವ ನಾಯಿಗೆ 1/1000. ಇದಕ್ಕೆ ಬೆಳಕು ಬೇಕು, ರಾತ್ರಿ ಟ್ಯೂಬ್‌ಲೈಟಿನಲ್ಲಿ ಆಗಲ್ಲ. ರಾತ್ರಿ ತೆಗೆಯಲೇಬೇಕೆಂದೇನಿಲ್ಲವಲ್ಲ.

ಫ್ಲ್ಯಾಷ್ ಅಂತೂ ಬೇಡವೇ ಬೇಡ. ನಾಯಿ, ಬೆಕ್ಕು, ದನದ ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂಥ ಒಂದು ಪದರ ಇರುತ್ತದೆ. ಕತ್ತಲಲ್ಲಿ ಸಿಕ್ಕ ಚೂರು ಬೆಳಕನ್ನೇ ಎರಡು ಸಲ ಬಳಸಿಕೊಳ್ಳಲು ಅದು. ರಾತ್ರಿ ಟಾರ್ಚ್ ಬಿಟ್ಟರೆ ಕೊಟ್ಟಿಗೆಯಲ್ಲಿ ಕಣ್ಣು ಹಸಿರಾಗಿ ಉರಿಯುವುದು ಇದರಿಂದಲೇ. ನಮಗೆ ಆ ಪದರ ಇಲ್ಲ, ಹಾಗಾಗಿ ನಮ್ಮ ಕಣ್ಣು ಫ್ಲ್ಯಾಷಿನಲ್ಲಿ ರಕ್ತದ ಕೆಂಪಾಗಿ ಬರುತ್ತದೆ. ನೀಲಿ ಕಣ್ಣಿನ ಕೆಲವು ಬೆಕ್ಕುಗಳದ್ದೂ ಕೆಂಪೇ. ಫೋಟೋ ಕೆಡುವುದು ಒಂದು ಕಡೆ, ಅವುಗಳ ಮುಖಕ್ಕೆ ಆ ಬೆಳಕು ಹೊಡೆದರೆ ಮುಂದಿನ ಸಲ ಮೊಬೈಲ್ ಕಂಡರೇ ಎದ್ದು ಹೋಗುತ್ತವೆ.

ಮೀಸೆ ಇಲ್ಲದ ಬೆಕ್ಕು ಪೋರ್ಟ್ರೇಟ್ ಮೋಡಿನ ಕೆಲಸ. ಹಿನ್ನೆಲೆ ಯಾವುದು, ಬೆಕ್ಕು ಯಾವುದು ಅಂತ ಮೊಬೈಲು ಅಂದಾಜಿನಲ್ಲಿ ಕತ್ತರಿ ಹಾಕುತ್ತದೆ. ಮೀಸೆ, ಕಿವಿತುದಿಯ ಕೂದಲು ಅದಕ್ಕೆ ಹಿನ್ನೆಲೆಯಾಗಿ ಕಾಣುತ್ತದೆ. ಆ ಮೋಡ್ ಬಿಡಿ. ಬೆಕ್ಕಿನ ಹಿಂದಿನ ಗೋಡೆ ಹತ್ತು ಅಡಿ ದೂರ ಇರುವ ಜಾಗ ಹುಡುಕಿ, ಅಷ್ಟು ಸಾಕು.

ಹಸುವಿನ ಮೂತಿಗೆ ಬರೋಣ. ಮೊಬೈಲಿನ ಮುಖ್ಯ ಲೆನ್ಸ್ ಅಗಲ ನೋಟದ್ದು. ಎರಡಡಿ ದೂರದಿಂದ ತೆಗೆದರೆ ಹತ್ತಿರ ಇದ್ದ ಮೂಗು ದೊಡ್ಡದು, ದೂರ ಇದ್ದ ಸೊಂಟ ಚಿಕ್ಕದು. ಏಳೆಂಟು ಅಡಿ ಹಿಂದೆ ಹೋಗಿ 2ಎಕ್ಸ್ ಜೂಮ್ ಹಾಕಿ ತೆಗೆಯಿರಿ, ಹಸು ಹಸುವಿನ ಹಾಗೇ ಬರುತ್ತದೆ. ಮಲೆನಾಡು ಗಿಡ್ಡ ನಿಂತರೆ ಹೆಚ್ಚುಕಡಿಮೆ ಮೂರಡಿ ಎತ್ತರ. ನಾವು ನಿಂತು ತೆಗೆದರೆ ಕರುವಿನ ಹಾಗೆ ಕಾಣುತ್ತವೆ. ಹಾಲು ಕರೆಯುವಾಗ ಕೂರುವ ಮಣೆ ಇದೆಯಲ್ಲ, ಅದರ ಎತ್ತರ ಹೇಳಿ ಮಾಡಿಸಿದಂತಿದೆ.

ಮಧ್ಯಾಹ್ನ ಮೇದು ಬಂದು ಮೆಲುಕು ಹಾಕುವ ಹೊತ್ತು ಎಲ್ಲಕ್ಕಿಂತ ಒಳ್ಳೆಯದು. ತಲೆ ಅಲುಗಲ್ಲ, ಕಣ್ಣು ಅರೆ ಮುಚ್ಚಿರುತ್ತದೆ. ದವಡೆ ಮಾತ್ರ ಪಕ್ಕಕ್ಕೆ ಆಡುತ್ತಿರುತ್ತದೆ. ದವಡೆ ಪಕ್ಕಕ್ಕೆ ಹೋದಾಗ ಕ್ಲಿಕ್ ಮಾಡಿದರೆ ಮುಖ ಸೊಟ್ಟ. ನುಂಗಿ, ಮುಂದಿನ ತುತ್ತು ಗಂಟಲಿಗೆ ಮೇಲೆ ಬರುವ ಮುಂಚೆ ಒಂದೆರಡು ಗಳಿಗೆ ಬಾಯಿ ಸುಮ್ಮನಿರುತ್ತದೆ. ಕತ್ತಿನ ಕೆಳಗೆ ಗುಳ್ಳೆ ಜಾರಿದ ಹಾಗೆ ಕಾಣುತ್ತದೆ ನೋಡಿ, ಆಗ ತೆಗೆಯಿರಿ.

ದನಕ್ಕೆ ಕಣ್ಣು ಅಕ್ಕಪಕ್ಕ ಇರುವುದರಿಂದ ಸುತ್ತಲೂ ಕಾಣುತ್ತದೆ, ನೇರ ಹಿಂದೆ ಮಾತ್ರ ಕಾಣಲ್ಲ. ನಿಮ್ಮ ದನ ನಿಮ್ಮನ್ನು ಒದೆಯಲ್ಲ ಬಿಡಿ, ಆದರೆ ಬೇರೆಯವರ ಕೊಟ್ಟಿಗೆಗೆ ಹೋದಾಗ ಹೆಗಲ ಕಡೆಯಿಂದ, ಮಾತಾಡಿಕೊಂಡು ಹೋಗಿ. ನನಗೆ ಈ ಬುದ್ಧಿ ಬಂದದ್ದು ಕಡೂರಿನ ಕಡೆಯ ಒಂದು ಕಾವಲಿನಲ್ಲಿ, ಅಂದರೆ ದನ ಮೇಯುವ ಹುಲ್ಲುಗಾವಲಿನಲ್ಲಿ. ಅಮೃತ ಮಹಲ್ ದನಗಳ ಫೋಟೋ ತೆಗೆಯಲು ಹೋಗಿದ್ದೆ. ಮೈಸೂರು ಅರಸರ ಕಾಲದಲ್ಲಿ ಬೆಣ್ಣೆ ಚಾವಡಿ ಅಂತ ಶುರುವಾಗಿ, ಟಿಪ್ಪು ಕಾಲದಲ್ಲಿ ಅಮೃತ ಮಹಲ್ ಅಂತ ಹೆಸರಾದ, ಯುದ್ಧದ ಸಾಮಾನು ಎಳೆದ ತಳಿ ಅದು. ಬೂದು ಮೈ, ಹಿಂದಕ್ಕೆ ಬಾಗಿದ ಚೂಪು ಕೊಂಬು. ಪುಟ್ಟ ಕರು ಒಂದು ಹುಲ್ಲಿನಲ್ಲಿ ಮಲಗಿತ್ತು, ಹತ್ತಿರ ಹೋಗಿ ಕುಕ್ಕರಿಸಿದೆ. ಕರುವಿನ ತಾಯಿ ಎಲ್ಲಿದೆ ಅಂತ ನೋಡಲಿಲ್ಲ. ತಾಯಿ ನನ್ನನ್ನು ನೋಡಿತ್ತು. ಜಾಲಿ ಬೇಲಿ ಹಾರಿದ್ದು ಹೇಗೆ ಅಂತ ಇವತ್ತಿಗೂ ಗೊತ್ತಿಲ್ಲ. ಮೊಣಕೈ ಮೇಲೆ ಗುರುತಿದೆ, ಫೋಟೋ ಇಲ್ಲ.

ಹಬ್ಬಗಳ ಬಗ್ಗೆ ಒಂದು ಮಾತು. ದೀಪಾವಳಿಯ ಗೋಪೂಜೆಗೆ ದನಗಳ ಮೈ ತೊಳೆದು, ಬಣ್ಣ ಹಚ್ಚಿ, ಹಾರ ಹಾಕುತ್ತೀರಲ್ಲ, ಅವತ್ತು ಎಲ್ಲರೂ ಆರತಿ ಹೊತ್ತಿಗೆ ಮೊಬೈಲ್ ಎತ್ತುತ್ತಾರೆ. ನೀವು ಒಂದು ಗಂಟೆ ಮೊದಲು ಎತ್ತಿ, ಮೈ ತೊಳೆಯುವಾಗ. ಒದ್ದೆ ಮೈ ಹೊಳೆಯುತ್ತದೆ, ದನ ಕತ್ತು ಚಾಚಿ ಉಜ್ಜಿಸಿಕೊಳ್ಳುತ್ತದೆ. ಬಯಲುಸೀಮೆಯ ಕಡೆ ನೆಂಟರಿದ್ದರೆ ಸಂಕ್ರಾಂತಿಗೆ ಕಿಚ್ಚು ಹಾಯಿಸುವುದನ್ನು ನೋಡಿರುತ್ತೀರಿ. ಮೊಬೈಲಿಗೆ ಅದು ಕಷ್ಟದ ಕೆಲಸ, ಬೆಳಕು ಹೋಗಿರುತ್ತದೆ. ಬೆಂಕಿಯ ಪಕ್ಕಕ್ಕೆ ನಿಂತು, ಬೆಂಕಿಯ ಮೇಲೇ ಬೆರಳಿಟ್ಟು, ದನ ಕಪ್ಪು ನೆರಳಾಗಿ ಬರಲಿ ಬಿಡಿ. ಎದುರಿಗೆ ನಿಲ್ಲಬೇಡಿ. ಸರಿ ಬರಲಿಲ್ಲ ಇನ್ನೊಂದು ಸಲ ಹಾಯಿಸಿ ಅಂತ ಕೇಳುವವರನ್ನು ನೋಡಿದ್ದೇನೆ, ಅಂಥವರ ಕೈಯಿಂದ ಮೊಬೈಲ್ ಕಿತ್ತುಕೊಳ್ಳಬೇಕು ಅನ್ನಿಸುತ್ತದೆ. ಅದಕ್ಕಿಂತ ಜನವರಿಯಲ್ಲಿ ಚನ್ನರಾಯಪಟ್ಟಣ ತಾಲ್ಲೂಕಿನ ಬೂಕನಬೆಟ್ಟದ ದನಗಳ ಜಾತ್ರೆಗೆ ಬನ್ನಿ. ಹಳ್ಳಿಕಾರ್ ಎತ್ತುಗಳ ಜೋಡಿ, ಅವುಗಳ ಪಕ್ಕದಲ್ಲೇ ಕಂಬಳಿ ಹೊದ್ದು ಮಲಗಿದ ರೈತರು. ಬೆಳಗ್ಗೆ ಏಳರ ಹೊತ್ತಿಗೆ ಧೂಳಿನಲ್ಲಿ ಓರೆ ಬಿಸಿಲು ಇರುತ್ತದೆ. ಕೇಳಿ ತೆಗೆದರೆ ಯಾರೂ ಬೇಡ ಅನ್ನಲ್ಲ, ಎತ್ತಿನ ಹೆಸರು ಸಮೇತ ಹೇಳುತ್ತಾರೆ.

ಐದನೆಯ ಫೋಟೋ. ಪಕ್ಕದ ಮನೆಯವರ ಪಂಜರದ ಗಿಳಿ. ಕತ್ತಿಗೆ ಗುಲಾಬಿ ಪಟ್ಟಿ ಇರುವ ನಮ್ಮ ಊರಿನ ಗಿಳಿಯೇ. ಅದನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಸಾಕು ಆಮೆ ಅಂತ ಇಟ್ಟುಕೊಳ್ಳುವ ನಕ್ಷತ್ರ ಆಮೆಯೂ ಅಷ್ಟೇ. ಬಹಳ ಜನಕ್ಕೆ ಇದು ಗೊತ್ತಿಲ್ಲ, ನಿಮ್ಮ ನೆರೆಯವರಿಗೂ ಗೊತ್ತಿರಲಿಕ್ಕಿಲ್ಲ. ಫೋಟೋ ಎಲ್ಲೂ ಹಾಕಬೇಡಿ. ಅವರಿಗೆ ಮೆಲ್ಲಗೆ ಹೇಳಿ. ಹಾಗಂತ ಪಂಜರದ ಬಾಗಿಲು ತೆಗೆದು ಹಾರಿಸಿಬಿಡುವುದೂ ಬೇಡ. ವರ್ಷಗಟ್ಟಲೆ ಒಳಗಿದ್ದ ಹಕ್ಕಿಗೆ ಹೊರಗೆ ಬದುಕುವುದು ಗೊತ್ತಿರಲ್ಲ. ಅರಣ್ಯ ಇಲಾಖೆಗೆ ತಿಳಿಸಿದರೆ ಅವರು ನೋಡಿಕೊಳ್ಳುತ್ತಾರೆ.

ತೋಟದ ಕೆಂದಳಿಲು, ಹಕ್ಕಿಗಳನ್ನು ಧಾರಾಳವಾಗಿ ತೆಗೆಯಿರಿ. ಗೂಡು, ಮೊಟ್ಟೆ, ಮರಿ ಮಾತ್ರ ಬೇಡ. ನಾವು ಸರಿಸಿದ ಒಂದು ಕೊಂಬೆ ಸಾಕು, ಕಾಗೆಗೋ ಹಾವಿಗೋ ದಾರಿ ಕಾಣಿಸುತ್ತದೆ. ಆನೆ ವಿಷಯದಲ್ಲಿ ನನ್ನ ಉತ್ತರ ಒಂದೇ ಪದ: ಬೇಡ. ಸಕಲೇಶಪುರ, ಆಲೂರು, ಬೇಲೂರು ಕಡೆ ಆನೆ ಅಂದರೆ ಏನು ಅಂತ ನಾನು ನಿಮಗೆ ಹೇಳಬೇಕಾಗಿಲ್ಲ. ಮೊಬೈಲಿನಲ್ಲಿ ಚೆನ್ನಾಗಿ ಕಾಣುವಷ್ಟು ಹತ್ತಿರ ಅಂದರೆ ಓಡಿ ತಪ್ಪಿಸಿಕೊಳ್ಳಲಾಗದಷ್ಟು ಹತ್ತಿರ. ಮಹಡಿ ಮೇಲಿದ್ದು ದೂರದಿಂದ ಕಂಡರೆ ಒಂದು ತೆಗೆದುಕೊಳ್ಳಿ. ಅದನ್ನು ಆ ಕ್ಷಣವೇ ಜಾಗದ ಹೆಸರು ಸಮೇತ ಹಂಚಬೇಡಿ, ಹತ್ತು ಜೀಪು ಜನ ನೋಡಲು ಬರುತ್ತಾರೆ. ಆನೆ ಬಂದಿದೆ ಅಂತ ಅಕ್ಕಪಕ್ಕದ ತೋಟದವರಿಗೆ, ಇಲಾಖೆಯವರಿಗೆ ಫೋನ್ ಮಾಡುವುದು ಮೊದಲಿನ ಕೆಲಸ.

ಕೊನೆಗೆ ಕ್ಯಾಮೆರಾ. ಮೇಲೆ ಹೇಳಿದ್ದನ್ನೆಲ್ಲ ಒಂದು ಮಳೆಗಾಲ, ಒಂದು ಬೇಸಿಗೆ ಮಾಡಿ ನೋಡಿದ ಮೇಲೂ "ಕೊಟ್ಟಿಗೆಯೊಳಗೆ ಬೆಳಕು ಸಾಲ್ತಿಲ್ಲ, ಓಡುವ ಕರಿಯ ಸಿಗ್ತಿಲ್ಲ" ಅನ್ನಿಸಿದರೆ ಆಗ ತಗೊಳ್ಳಿ. ಅರವತ್ತು ಸಾವಿರವನ್ನೂ ಹೊಸ ಬಾಡಿ, ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ, ಅದರ ಮೇಲೇ ಸುರಿಯಬೇಡಿ. ಡಬ್ಬದ ಜೊತೆ ಬರುವ ಜೂಮ್ ಲೆನ್ಸ್ ದೂರಕ್ಕೆ ಎಳೆದಾಗ ಅಪರ್ಚರ್, ಅಂದರೆ ಬೆಳಕು ಬಿಡುವ ಕಿಂಡಿ, ಎಫ್ 5.6ಕ್ಕೆ ನಿಲ್ಲುತ್ತದೆ; ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. 50 ಎಂಎಂ ಎಫ್ 1.8 ಲೆನ್ಸ್ ಅದಕ್ಕಿಂತ ಒಂಬತ್ತು ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಕೊಟ್ಟಿಗೆಗೆ ಬೇಕಾದದ್ದು ಇದು. ಬಾಡಿ ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ, ಪ್ರಾಣಿಯ ಕಣ್ಣು ಹುಡುಕಿ ಫೋಕಸ್ ಮಾಡುವ ಸೌಲಭ್ಯ ಇದೆಯಾ ಕೇಳಿ. 2019ರಿಂದೀಚೆಗೆ ಸೋನಿ, ಆಮೇಲೆ ಕ್ಯಾನನ್ ಮುಂತಾದವರು ಇದನ್ನು ಕೊಡಲು ಶುರು ಮಾಡಿದರು. ಕಪ್ಪು ನಾಯಿಯ ಕಪ್ಪು ಕಣ್ಣನ್ನು ಕೆಲವು ಸಲ ಅದೂ ತಪ್ಪುತ್ತದೆ, ಆಗ ಮೂಗಿನ ಮೇಲೆ ಹೋಗಿ ಕೂರುತ್ತದೆ. ಹಾಗಾಗಿ ಕೊಳ್ಳುವ ಮೊದಲು ಪರಿಚಯದ ಮದುವೆ ಫೋಟೋಗ್ರಾಫರ್ ಯಾರಾದರೂ ಇದ್ದರೆ ಒಂದು ದಿನ ಅವರ ಕ್ಯಾಮೆರಾ ಇಸಿದುಕೊಂಡು ಕರಿಯನ ಮೇಲೇ ಪರೀಕ್ಷೆ ಮಾಡಿ. ಹಳೇ ಲೆನ್ಸ್ ಕೊಳ್ಳುವುದಾದರೆ ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ. ಜೇಡರ ಬಲೆ ಹಾಗೆ ಎಳೆ ಕಂಡರೆ ವಾಪಸ್ ಕೊಟ್ಟುಬಿಡಿ, ಅದು ಫಂಗಸ್.

ಆ ಫಂಗಸ್ಸಿಗೆ ನಿಮ್ಮ ಊರು ತವರುಮನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗೇ ಬೂಷ್ಟು ಬರುವ ಕಡೆ ಗಾಜಿಗೆ ಬರಲ್ವಾ? ನಾನು ಎರಡು ಲೆನ್ಸ್ ಕಳೆದುಕೊಂಡಿದ್ದೇನೆ. ಒಳ್ಳೇ ಲೆದರ್ ಕೇಸಿನಲ್ಲಿ ಹಾಕಿ ಬೀರುವಿನಲ್ಲಿಟ್ಟು ಜೋಪಾನ ಮಾಡಿದ್ದೆ. ಲೆದರ್ ತೇವ ಹೀರಿ ಹಿಡಿದುಕೊಳ್ಳುತ್ತದೆ ಅಂತ ಆಗ ತಿಳಿದಿರಲಿಲ್ಲ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ ತನ್ನಿ, ಒಳಗೆ ಸಿಲಿಕಾ ಜೆಲ್ ಹಾಕಿ, ತೇವ ತೋರಿಸುವ ಪುಟ್ಟ ಮೀಟರ್ ಒಂದು ಇಡಿ. 40ರಿಂದ 50 ಶೇಕಡಾ ಒಳಗೆ ಇರಲಿ. ಬಣ್ಣ ಬದಲಾದ ಜೆಲ್ ಬಿಸಿ ಮಾಡಿದರೆ ಮತ್ತೆ ಕೆಲಸಕ್ಕೆ ಬರುತ್ತದೆ, ಆದರೆ ಅಡುಗೆಯ ಬಾಣಲೆಯಲ್ಲಿ ಹುರಿಯಬೇಡಿ, ಅದಕ್ಕೇ ಅಂತ ಒಂದು ಹಳೇದು ಇಟ್ಟುಕೊಳ್ಳಿ. ಎಲ್ಲಕ್ಕಿಂತ ಮುಖ್ಯ, ಮಳೆಗಾಲದಲ್ಲಿ ಕ್ಯಾಮೆರಾ ಒಳಗಿಟ್ಟು ಮರೆಯಬೇಡಿ. ವಾರಕ್ಕೆ ಒಂದು ಸಲ ಹೊರಗೆ ತೆಗೆದು ಬೆಳಕು ಕಾಣಿಸಿ. ಅಷ್ಟು ಹೊತ್ತಿಗೆ ಕರಿಯ ಹೇಗೂ ಜಗುಲಿಯಲ್ಲಿ ಮಲಗಿರುತ್ತಾನೆ.